ಸೋದರಮಾವನಿಗೆ ಬ್ರಾಡ್‌ಕಾಸ್ಟ್ ನಡೆಯುವುದಿಲ್ಲ

ಗದಗ ಜಿಲ್ಲೆ ಹುಟ್ಟಿದ ವರ್ಷವೇ ವೀರಭದ್ರಪ್ಪ ಕಂಬ ಹತ್ತಿದ. ಇಸವಿ ತೊಂಬತ್ತೇಳು, ಅವನಿಗೆ ಹತ್ತೊಂಬತ್ತು. ಊರೆಲ್ಲ ಹೊಸ ಜಿಲ್ಲೆಯ ಖುಷಿಯಲ್ಲಿದ್ದರೆ ಇವನು ಹೆಗಲಿಗೆ ಟಿವಿ ಕೇಬಲ್ಲಿನ ಸುರುಳಿ ಹಾಕಿಕೊಂಡು ಬೆಟಗೇರಿಯ ಓಣಿಗಳಲ್ಲಿ ಮನೆಯಿಂದ ಮನೆಗೆ ತಂತಿ ಎಳೆಯುತ್ತಿದ್ದ. "ಜಿಲ್ಲಾ ಮುಂದಕ್ಕ ಹೋತು, ನಾ ಮ್ಯಾಲಕ್ಕ ಹೋದೆ" ಎಂದು ಈಗಲೂ ಹೇಳಿ ತಾನೇ ಮೊದಲು ನಗುತ್ತಾನೆ. ಎಲ್ಲರಿಗೂ ಅವನು ವೀರು. ಪೂರ್ತಿ ಹೆಸರು ಹಿಡಿದು ಕರೆಯುವವರು ಇಬ್ಬರೇ: ಬ್ಯಾಂಕಿನವರು ಮತ್ತು ಅವನ ಹೆಂಡತಿಯ ಅಣ್ಣ.

ಟಿವಿ ತಂತಿ ಹೋಗಿ ಇಂಟರ್‌ನೆಟ್ ತಂತಿ ಬಂತು, ಕಂಬ ಮಾತ್ರ ಅದೇ ಉಳಿಯಿತು. ಆ ಕಂಬದಿಂದಲೇ ಒಂದು ದಿನ ಬಿದ್ದ. ಕರೆಂಟು ಹೊಡೆಯಿತು ಎಂದು ಕೆಲವರಿಗೆ ಹೇಳಿದ್ದಾನೆ, ಮಂಗ ಅಟ್ಟಿಸಿಕೊಂಡು ಬಂತು ಎಂದು ಉಳಿದವರಿಗೆ. ಖರೆ ಸಂಗತಿ ಎಂದರೆ, ಕೆಳಗೆ ಹೋಗುತ್ತಿದ್ದ ಹಳೆಯ ಸಹಪಾಠಿಗೆ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂದು ತೋರಿಸಲು ಎರಡೂ ಕೈ ಬೀಸಿದ್ದ. ಒಂದು ಕೈ ಬೀಸಿದ್ದರೆ ಬೀಳುತ್ತಿರಲಿಲ್ಲ. ಬಲ ಮೊಣಕಾಲು ಹೋಯಿತು. ಕಂಪನಿಯವರು ದೊಡ್ಡ ಮನಸ್ಸು ಮಾಡಿ ಗದಗಿನ ಆಫೀಸಿನಲ್ಲಿ ಕುರ್ಚಿ ಕೊಟ್ಟರು. ಪರದೆಯ ಮೇಲೆ ಯಾವ ಊರಿನ ಲೈನು ಕೆಂಪಾಯಿತು ಎಂದು ನೋಡುವುದು, ಅಲ್ಲಿಯ ಲೈನ್‌ಮನ್ನಿಗೆ ಫೋನ್ ಮಾಡುವುದು ಅವನ ಕೆಲಸ. ಮದುವೆಯೇ ತಡ, ಮಗ ಹುಟ್ಟಿದ್ದು ಇನ್ನೂ ತಡ. ನಲವತ್ತೊಂದರ ಹೊತ್ತಿಗೆ ಒಂದು ಕುರ್ಚಿ, ಮೂರು ವರ್ಷದ ಒಬ್ಬ ಮಗ, ಮಡಿಸಲು ಬಾರದ ಒಂದು ಕಾಲು, ಇಷ್ಟು ಅವನ ಗಳಿಕೆ.

ಅಷ್ಟರಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಆ ಕುರ್ಚಿಯಲ್ಲಿ ಕೂಡುವವರು ವರ್ಷ ಮುಗಿಯುವುದರೊಳಗೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಬೇಕು, ಆಗದವರು ಫೀಲ್ಡ್ ಕೆಲಸಕ್ಕೆ ಮರಳಬೇಕು. ಫೀಲ್ಡ್ ಎಂದರೆ ಕಂಬ. ಆಫೀಸಿನ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯುವ ವೀರು ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಊಟದ ಡಬ್ಬಿಯ ಕೆಳಗೆ ಇಟ್ಟ. ಊಟ ಮುಗಿದ ಮೇಲೂ ಅದು ಅಲ್ಲೇ ಇತ್ತು.

ಮೊದಲನೆಯ ಸಲ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದು ಬಿದ್ದ. ಎರಡನೆಯ ಸಲ ಹೆಚ್ಚು ಓದಿಕೊಂಡು ಹೋಗಿ ಇನ್ನಷ್ಟು ಕಡಿಮೆ ಅಂಕಕ್ಕೆ ಬಿದ್ದ. ಕಂಬದಿಂದ ಬಿದ್ದದ್ದನ್ನೂ ಸೇರಿಸಿ ಲೆಕ್ಕ ಹಿಡಿದರೆ ಕಂಪನಿಯ ಕೆಲಸದಲ್ಲಿ ಬೀಳುವುದರಲ್ಲಿ ತನಗೆ ಒಳ್ಳೆಯ ಅನುಭವವಿದೆ ಎಂದು ಹೇಳಿಕೊಂಡ. ಎರಡೂ ಸಲ ಎಡವಿದ್ದು ಒಂದೇ ಜಾಗದಲ್ಲಿ: ಓಎಸ್‌ಪಿಎಫ್. ರೌಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಯಾವ ಊರಿಗೆ ಯಾವ ದಾರಿ ಎಂದು ತಿಳಿದುಕೊಳ್ಳುವ ಪದ್ಧತಿ ಅದು. ಅದರಲ್ಲೂ 'ನೆಟ್‌ವರ್ಕ್ ಟೈಪ್' ಎಂಬ ಪಾಠ ಬಂದರೆ ಸಾಕು, ಅವನಿಗೆ ಎಲ್ಲ ರೌಟರುಗಳೂ ಒಂದೇ ಥರ ಕಾಣುತ್ತಿದ್ದವು.

ಎದುರಿನ ಮೇಜಿನ ಕೌಸರ ಬೆಟಗೇರಿಯ ಹುಡುಗಿ. ವಯಸ್ಸು ಇಪ್ಪತ್ತಾರು, ಹುದ್ದೆಯಲ್ಲಿ ಇವನಿಗಿಂತ ಮೇಲೆ, ಪರೀಕ್ಷೆಯನ್ನು ಮೊದಲ ಸಲಕ್ಕೇ ಮುಗಿಸಿದವಳು. ಇವನು ಊಟದ ಹೊತ್ತಿನಲ್ಲಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುವುದನ್ನು ನಾಲ್ಕು ದಿನ ನೋಡಿದಳು. ಐದನೆಯ ದಿನ ತಡೆಯಲಾಗಲಿಲ್ಲ.

"ವೀರಣ್ಣಾರ, ನೀವು ಓದಾಕತ್ತೀರೋ, ಬಾಯಿಪಾಠ ಮಾಡಾಕತ್ತೀರೋ?"

"ಬಾಯಿಪಾಠನ ಆಗವಲ್ದು ಮೇಡಂರಿ. ಓದೋದು ದೂರ ಉಳೀತು."

ಅವಳು ಡಬ್ಬಿ ಮುಚ್ಚಿಟ್ಟು ಗೋಡೆಯ ಬಿಳಿ ಹಲಗೆಯ ಮುಂದೆ ನಿಂತಳು. "ಒಂದು ಪಡಸಾಲಿ ಅಂತ ತಿಳ್ಕೊರ್ರಿ. ಹತ್ತು ಮಂದಿ ಕುಂತಾರ. ಒಬ್ಬೊಬ್ಬರೂ ಎಲ್ಲಾರ ಜೋಡಿ ಮಾತಾಡಾಕ ನಿಂತ್ರ ಸಂತಿ ಆಕ್ಕೈತಿ. ಅದಕ್ಕ ಒಬ್ಬ ಹಿರ್ಯಾನ್ನ ಆರಿಸ್ತಾರ. ಎಲ್ಲಾರೂ ಅವಂಗ ಹೇಳೋದು, ಅಂವ ಎಲ್ಲಾರಿಗೂ ಹೇಳೋದು. ಇದು ಬ್ರಾಡ್‌ಕಾಸ್ಟ್. ಆ ಹಿರ್ಯಾಗ ಡಿಆರ್ ಅಂತಾರ."

"ಹಿಂದಗಡೆ ಅವನಕಿಂತ ದೊಡ್ಡಾಂವ ಬಂದ್ರ?"

"ಬಂದ್ರ ಬರ್ಲಿ. ಒಮ್ಮೆ ಕುಂತಾಂವ ತಾನ ಏಳೂತನಕ ಅವನ ಹಿರ್ಯಾ."

ವೀರು ತೊಡೆ ತಟ್ಟಿ ನಕ್ಕ, ಮರೆತು ಬಲ ತೊಡೆಯನ್ನೇ ತಟ್ಟಿ ಮುಖ ಕಿವುಚಿದ. "ಇದು ನಮ್ಮ ದೊಡ್ಡಪ್ಪ ಆದಂಗಾತಲ್ರಿ!" ಲಕ್ಷ್ಮೇಶ್ವರದ ದೊಡ್ಡಪ್ಪ ಹುಚ್ಚೀರಪ್ಪನಿಗೆ ಎಂಬತ್ತು ದಾಟಿತ್ತು. ಬಳಗದಲ್ಲಿ ಎಂಜಿನಿಯರು ಆದವರಿದ್ದರು, ಸಾಹೇಬರು ಎನಿಸಿಕೊಂಡವರಿದ್ದರು. ಆದರೂ ಹೆಣ್ಣು ನೋಡುವುದಿರಲಿ, ಬಾವಿ ತೋಡುವುದಿರಲಿ, ಸುದ್ದಿ ಮೊದಲು ಲಕ್ಷ್ಮೇಶ್ವರಕ್ಕೆ ಹೋಗಿ ಅಲ್ಲಿಂದ ಹನ್ನೆರಡು ಊರಿಗೆ ಹಂಚಿಕೆಯಾಗಬೇಕು. ಹೀಗೆ ತನ್ನ ಮನೆಯಲ್ಲೇ ಪಾಠ ಇಟ್ಟುಕೊಂಡು ಎರಡು ಸಲ ಬಿದ್ದೆನಲ್ಲ ಎಂದು ವೀರುವಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕೌಸರ ಮುಂದುವರಿಸಿದಳು. "ಪಾಯಿಂಟ್ ಟು ಪಾಯಿಂಟ್ ಅಂದ್ರ ಎರಡ ಮನಿ, ನಡುವ ಒಂದ ಓಣಿ. ಅಲ್ಲಿ ಹಿರ್ಯಾ ಯಾಕ ಬೇಕು? ಮಾರಿ ನೋಡಿ ಮಾತಾಡಿದ್ರ ಆತು."

"ಈ ಕಡಿಯವ ಪಡಸಾಲಿ ಅಂತ ತಿಳಿದು, ಆ ಕಡಿಯವ ಓಣಿ ಅಂತ ತಿಳಿದ್ರ?"

"ಅದನ್ನ ನೋಡ್ರಿ ಪರೀಕ್ಷಾದಾಗ ಕೇಳೋದು. ಇಬ್ಬರೂ ಹತ್ತು ಸೆಕೆಂಡಿಗೊಮ್ಮೆ ಹಲೋ ಅಂತಿರ್ತಾರ. ಪರದೆದಾಗ 'ಫುಲ್' ಅಂತ ಬರ್ತೈತಿ, ಅಂದ್ರ ನೆರೆತನ ಪೂರ್ತಿ ಕೂಡೇತಿ ಅಂತ. ಸುದ್ದಿನೂ ಮುಟ್ಟಿರ್ತೈತಿ. ಆದ್ರ ದಾರಿ ಮಾತ್ರ ಹುಟ್ಟಂಗಿಲ್ಲ."

"ದಿನಾ ಮಾತು ಐತಿ, ಸುದ್ದಿ ಮುಟ್ಟೈತಿ, ದಾರಿ ಇಲ್ಲ ಅಂದ್ರ ಹ್ಯಾಂಗ್ರಿ? ಇದು ಸುಳ್ಳು."

"ಬರಕೊರ್ರಿ, ಸುಳ್ಳ ಇರ್ಲಿ."

ವೀರು ಬರೆದುಕೊಂಡ. ಬರೆದು, ಪಕ್ಕದಲ್ಲಿ ಕೆಂಪು ಪೆನ್ನಿನಿಂದ 'ಹೀಗಾಗದು' ಎಂದು ಸೇರಿಸಿದ. ಎರಡು ಸಲ ಬಿದ್ದವನಿಗೆ ಪುಸ್ತಕವನ್ನು ತಿದ್ದುವ ಧೈರ್ಯ ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ.

ಮೂರನೆಯ ಪರೀಕ್ಷೆ ಒಂದು ಗುರುವಾರಕ್ಕೆ ಗೊತ್ತಾಯಿತು. ಅದರ ಹಿಂದಿನ ಭಾನುವಾರ ಮಗನ ಜವಳ. ಮೂರು ವರ್ಷ ಕತ್ತರಿ ಕಾಣದ ಕೂದಲನ್ನು ಸಿಂಗಟಾಲೂರಿನಲ್ಲಿ ಮನೆದೇವರು ವೀರಭದ್ರನಿಗೆ ಕೊಡುವುದು, ಹೊಳೆಯ ದಂಡೆಯಲ್ಲಿ ಬಳಗಕ್ಕೆ ಊಟ. ಹೆಂಡತಿ ಸುಶ್ಮಿತಾ ಅಂಗನವಾಡಿ ಕಾರ್ಯಕರ್ತೆ. ಅವಳಿಗೆ ಆ ತಿಂಗಳು ಮನೆಮನೆ ಸಮೀಕ್ಷೆಯ ಕೆಲಸ ಬಿದ್ದು ಉಸಿರಾಡಲು ಹೊತ್ತಿರಲಿಲ್ಲ. ಬಳಗವನ್ನು ಕರೆಯುವ ಕೆಲಸ ವೀರುವಿನ ಪಾಲಿಗೆ ಬಂತು.

ಕರೆಯುವುದು ಎಂದರೆ ಸಣ್ಣ ಕೆಲಸವಲ್ಲ. ಮನೆಮನೆಗೆ ಹೋಗಬೇಕು, ಕೂಡಬೇಕು, ಚಹಾ ಕುಡಿಯಬೇಕು, ಬೇಡವೆಂದರೂ ಅವಲಕ್ಕಿ ತಿನ್ನಬೇಕು. ಹನ್ನೆರಡು ಊರಿಗೆ ಹೀಗೆ ತಿರುಗಿದರೆ ಓದುವುದು ಯಾವಾಗ? ಆಗ ವೀರುವಿನ ತಲೆಯಲ್ಲಿ ಬಿಳಿ ಹಲಗೆ ಕಾಣಿಸಿತು. ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದ, ದೊಡ್ಡಪ್ಪನ ಕಾಲು ಮುಟ್ಟಿದ, "ಎಲ್ಲಾರಿಗೂ ಹೇಳೋ ಜವಾಬ್ದಾರಿ ನಿಮ್ಮದರಿ ದೊಡ್ಡಪ್ಪಾ" ಎಂದ, ಒಂದೇ ತಟ್ಟೆ ಅವಲಕ್ಕಿ ತಿಂದು ಸಂಜೆಯೊಳಗೆ ಮರಳಿದ. ಮರುದಿನ ಕೌಸರಳ ಮುಂದೆ ಎದೆ ಉಬ್ಬಿಸಿ ವರದಿ ಒಪ್ಪಿಸಿದ: ಓಎಸ್‌ಪಿಎಫ್ ಅನ್ನು ಬಾಳಿಗೆ ಅಳವಡಿಸಿದ ಮೊದಲ ಮನುಷ್ಯ ಈ ಜಿಲ್ಲೆಯಲ್ಲಿ ತಾನೇ ಇರಬೇಕು.

"ಎಲ್ಲಾರೂ ಆ ಪಡಸಾಲ್ಯಾಗ ಕುಂತಾರೇನ್ರಿ?" ಎಂದು ಕೌಸರ ಕೇಳಿದಳು.

"ಎಲ್ಲಾರೂ!" ಎಂದ ವೀರು.

ಮನೆಯಲ್ಲಿ ಸುಶ್ಮಿತಾ ಸಮೀಕ್ಷೆಯ ಹಾಳೆಗಳ ನಡುವಿನಿಂದ ತಲೆ ಎತ್ತಿ ಕೇಳಿದಳು. "ಮುಂಡರಗಿದು ಏನಾತ್ರಿ? ನನಗಂತೂ ಬರಾಕ ಆಗಂಗಿಲ್ಲ, ನೀವಾರ ಹೋಗಿ ಬರ್ರಿ."

"ಮುಂಡರಗಿಗೂ ಮುಟ್ಟೈತಿ" ಎಂದ ಇವನು. ಹೋಗಿ ಬಂದೆ ಎಂದು ಹೇಳಲಿಲ್ಲ, ಹೋಗಿಲ್ಲ ಎಂದೂ ಹೇಳಲಿಲ್ಲ. ಅವಳು ಹೋಗಿ ಬಂದ ಎಂದೇ ತಿಳಿದಳು. ತಿಳಿಯಲಿ ಎಂದು ಇವನೂ ಸುಮ್ಮನಿದ್ದ.

ಮುಂಡರಗಿಯಲ್ಲಿ ಇರುವವನು ಸುಶ್ಮಿತಾಳ ಅಣ್ಣ ಕೊಟ್ರಪ್ಪ. ವೀರುವಿಗೂ ಅವನಿಗೂ ಎಂಥ ಹೊಂದಾಣಿಕೆ ಎಂದರೆ ದಿನಾ ಮುಂಜಾನೆ ಎಂಟಕ್ಕೆ ಫೋನು. ಒಂದು ದಿನ ಇವನು, ಒಂದು ದಿನ ಅವನು. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಶೇಂಗಾ ಹೇಗಿದೆ, ಗದಗಿನಲ್ಲಿ ಮೋಡ ಇದೆಯೋ, ಇಷ್ಟೇ ಮಾತು, ಆದರೆ ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿದ್ದಿಲ್ಲ. ಆ ವಾರವೂ ತಪ್ಪಲಿಲ್ಲ. ಜವಳದ ಮಾತನ್ನು ವೀರು ತೆಗೆಯಲಿಲ್ಲ. ದೊಡ್ಡಪ್ಪ ಹೇಳಿದ ಮೇಲೆ ತಾನು ಮತ್ತೆ ಹೇಳಿದರೆ ಹಿರಿಯರ ಮಾತಿಗೆ ಏನು ಬೆಲೆ ಉಳಿಯಿತು ಎಂದು ಅವನ ಲೆಕ್ಕ. ಶೇಂಗಾ, ನೀರು, ಮೋಡ ಎಲ್ಲ ಮುಗಿದ ಮೇಲೆ ಕೊಟ್ರಪ್ಪ ಒಂದು ಕ್ಷಣ ತಡೆದು, "ಮತ್ತೇನು?" ಎನ್ನುತ್ತಿದ್ದ.

"ಮತ್ತೇನಿಲ್ರಿ ಭಾವಾರ, ಇಡ್ತೀನಿ" ಎನ್ನುತ್ತಿದ್ದ ವೀರು.

ಸೋಮವಾರದಿಂದ ಶನಿವಾರದವರೆಗೆ ಆರು ಸಲ ಹೀಗೆ ನಡೆಯಿತು.

ಭಾನುವಾರ ಸಿಂಗಟಾಲೂರಿನಲ್ಲಿ ಬಳಗ ನೆರೆಯಿತು. ವೀರುವಿನ ಬ್ರಾಡ್‌ಕಾಸ್ಟ್ ಫಲಿಸಿತ್ತು. ಲಕ್ಷ್ಮೇಶ್ವರದಿಂದ ಟೆಂಪೋ ತುಂಬಿ ಬಂದಿತ್ತು, ಶಿರಹಟ್ಟಿಯವರು ಬಂದಿದ್ದರು, ಹುಲಕೋಟಿಯ ಅತ್ತೆ ಮಾಳವ್ವ ಮೊಮ್ಮಕ್ಕಳನ್ನೂ ಕಟ್ಟಿಕೊಂಡು ಬಂದಿದ್ದಳು. ಮಗನನ್ನು ಮಣೆಯ ಮೇಲೆ ಕೂಡಿಸಿದರು. ನಾವಿಗ ಕತ್ತಿ ಮಸೆದು ಕತ್ತರಿಯನ್ನು ತಟ್ಟೆಯಲ್ಲಿ ಇಟ್ಟ. ದೊಡ್ಡಪ್ಪ ಹುಚ್ಚೀರಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದ.

"ಸೋದರಮಾವ ಎಲ್ಲಿ? ಮೊದಲನೇ ಕತ್ತರಿ ಹಾಕಾಂವ ಅಂವ ಅಲ್ಲನೋ?"

ಎಲ್ಲರಿಗಿಂತ ಹತ್ತಿರದ ಊರು ಮುಂಡರಗಿ. ಎಲ್ಲರೂ ಬಂದಿದ್ದರು, ಮುಂಡರಗಿಯವರು ಬಂದಿರಲಿಲ್ಲ. ವೀರು ಫೋನ್ ಹಚ್ಚಿದ. ಮೊದಲ ಗಂಟೆಗೇ ಕೊಟ್ರಪ್ಪ ಎತ್ತಿದ.

"ಹೇಳ್ರಿ ವೀರಭದ್ರಪ್ಪಾರ."

"ಭಾವಾರ, ಎಲ್ಲಿ ಅದೀರಿ?"

"ಮನ್ಯಾಗ ಅದೀನ್ರಿ."

"ಇನ್ನೂ ಹೊಂಟಿಲ್ಲೇನು?"

"ಎಲ್ಲಿಗಿ?"

ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ, ಗದಗಿನಲ್ಲಿ ಮೋಡ ಇದೆಯೇ ಎಂದು ಕೇಳಿದಷ್ಟೇ ಸರಳವಾಗಿ ಕೇಳಿದ. ವೀರು ಫೋನ್ ಕೆಳಗಿಳಿಸಿ ದೊಡ್ಡಪ್ಪನ ಮುಖ ನೋಡಿದ. "ನೀವು ಹೇಳೀರಲ್ರಿ ಅವರಿಗೆ?"

"ಹೇಳದ ಏನು? ಭಾನುವಾರ ಜವಳ ಐತಿ ಅಂತ ಹೇಳೇನಿ. ಹೌದ್ರಿ, ಗೊತ್ತಾತ್ರಿ ಅಂದ. ನೀ ಹೋಗಿ ಕರದಿಯಿಲ್ಲೋ?"

"ನೀವು ಹೇಳೀರಿ ಅಂತ ನಾ..."

"ಲೇ ಶ್ಯಾಣ್ಯಾ, ನಾ ಹೇಳಿದ್ದು ಸುದ್ದಿ. ಕರಿಯೋದು ನಿಂದು. ನಿನ್ನ ಮಗನ ಸೋದರಮಾವನ್ನ ನಿನ್ನ ದೊಡ್ಡಪ್ಪ ಕರೀತಾನೇನು? ಹೊಸ್ತಿಲಕ್ಕ ಹೋಗಿ ಕುಂಕುಮ ಇಟ್ಟು ಕರೀಬೇಕು."

ಮಾಳವ್ವತ್ತೆ, "ಆಫೀಸಿನ್ಯಾಗ ಕುಂತು ಕುಂತು ಹಿಂಗಾಗ್ಯಾನ" ಎಂದಳು. ವೀರುವಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಎಲ್ಲಕ್ಕಿಂತ ಕಷ್ಟವಾದದ್ದು ಸುಶ್ಮಿತಾಳ ಮುಖ ನೋಡುವುದು. ಅವಳು ಬೈಯಲಿಲ್ಲ. ಪೂಜೆಯ ತಟ್ಟೆಯಿಂದ ಕುಂಕುಮ ಮತ್ತು ಅಕ್ಕಿಯನ್ನು ಕಾಗದದಲ್ಲಿ ಕಟ್ಟಿಕೊಂಡು, ಯಾರದೋ ಬೈಕಿನ ಕೀಲಿ ಇಸಿದುಕೊಂಡು ಗಂಡನ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಕುಳಿತಳು. ಅರ್ಧ ತಾಸಿನ ದಾರಿಯಲ್ಲಿ ಒಂದೇ ಮಾತಾಡಿದಳು.

"ಹೋಗಿ ಬಂದೀರಿ ಅಂತ ತಿಳಿದಿದ್ದೆ."

ವೀರು ನೋಯುವ ಕಾಲನ್ನು ಬೈಕಿನಿಂದ ಆಚೆ ಚಾಚಿಕೊಂಡು, ತನ್ನನ್ನು ತಾನೇ ಬೈದುಕೊಳ್ಳುತ್ತ ಗಾಡಿ ಓಡಿಸಿದ. ಇಷ್ಟು ವರ್ಷ ತನ್ನ ತಪ್ಪುಗಳನ್ನೆಲ್ಲ ತಾನೇ ಕಥೆ ಮಾಡಿ ಹೇಳಿ ನಗಿಸಿದ್ದ. ಇದನ್ನು ಹೇಳಿ ನಗಿಸಲು ಆಗಲಿಕ್ಕಿಲ್ಲ ಎಂದು ಆಗ ಅನ್ನಿಸಿತು.

ಕೊಟ್ರಪ್ಪನ ಮನೆಯ ಮುಂದೆ ಒಂದು ಟಂಟಂ ಗಾಡಿ ನಿಂತಿತ್ತು, ಅದರೊಳಗೆ ಚಾಲಕ ಕಾಲು ಹೊರಗೆ ಹಾಕಿ ನಿದ್ದೆ ಹೋಗಿದ್ದ. ಪಡಸಾಲೆಯ ಕಂಬಕ್ಕೆ ಒರಗಿ ಕೊಟ್ರಪ್ಪ ಕುಳಿತಿದ್ದ. ಮೈಮೇಲೆ ಗರಿಗರಿ ಹೊಸ ಧೋತರ, ತಲೆಗೆ ಕಟ್ಟಿ ಮುಗಿಸಿದ ರುಮಾಲು, ತೊಡೆಯ ಮೇಲೆ ಒಂದು ಬಟ್ಟೆಚೀಲ. ಚೀಲದ ಬಾಯಿಂದ ಸಣ್ಣ ಹಸಿರು ಅಂಗಿಯ ತೋಳು ಇಣುಕುತ್ತಿತ್ತು. ಅವನ ಹೆಂಡತಿ ಸಾವಿತ್ರೆವ್ವ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಬಾಗಿಲ ಹತ್ತಿರ ನಿಂತಿದ್ದಳು.

"ಬರ್ರಿ ವೀರಭದ್ರಪ್ಪಾರ, ಕುಂಡ್ರಿ. ತಂಗೆವ್ವಾ, ಬಾ. ನೀರು ತೊಗೊರ್ರಿ" ಎಂದ ಕೊಟ್ರಪ್ಪ, ಯಾವುದೋ ಮಾಮೂಲಿ ದಿನದ ಹಾಗೆ.

ವೀರು ಕೂಡಲಿಲ್ಲ. ಕಾಗದ ಬಿಚ್ಚಿ, ಹೊಸ್ತಿಲಿಗೆ ಕುಂಕುಮ ಹಚ್ಚಿ ಅಕ್ಕಿ ಹಾಕಿದ. "ಭಾವಾರ, ನಿಮ್ಮ ಅಳಿಯನ ಜವಳ ಐತ್ರಿ. ಮನಿಮಂದಿ ಎಲ್ಲಾ ಬಂದು ನಡಿಸಿಕೊಡಬೇಕು. ನನ್ನ ತಪ್ಪಾತ್ರಿ."

ಕೊಟ್ರಪ್ಪ ಕೊನೆಯ ಮಾತು ಕೇಳಿಸದವನಂತೆ ರುಮಾಲು ಸರಿಮಾಡಿಕೊಂಡ. "ಹೌದೇನ್ರಿ? ಭಾಳ ಚಲೋ ಆತು. ಯಾವತ್ತು ಇಟ್ಟೀರಿ?"

"ಇವತ್ತರಿ."

"ಇಷ್ಟು ಜಲ್ದಿ?"

ಸುಶ್ಮಿತಾ ಬಾಯಿಗೆ ಸೆರಗು ಹಿಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ವೀರುವಿಗೆ ತಿಳಿಯಲಿಲ್ಲ, ಎರಡೂ ಇತ್ತು. ಸಾವಿತ್ರೆವ್ವನಿಗೆ ಸಾಕಾಯಿತು. "ಆತು ಏಳ್ರಿ ಇನ್ನ! ಟಂಟಂದಾಂವ ಏಳು ಗಂಟೆಯಿಂದ ನಿಂತಾನ. ಮುಂಜಾನಿಂದ ಇಬ್ಬರೂ ಒಂದು ತುತ್ತು ಬಾಯಿಗೆ ಹಾಕಿಲ್ಲ" ಎಂದು ಒಳಗಿನ ಗುಟ್ಟನ್ನೆಲ್ಲ ಬಯಲಿಗೆ ಹಾಕಿದಳು.

ಮರಳುವಾಗ ಟಂಟಂ ಮುಂದೆ, ಬೈಕು ಹಿಂದೆ. ಹಮ್ಮಿಗಿಯ ದಾರಿಯಲ್ಲಿ ಎಲ್ಲೋ ವೀರುವಿಗೆ ಒಮ್ಮೆಲೇ ಹೊಳೆದು ಗಾಡಿ ಓಲಾಡಿತು. ದಿನಾ ಎಂಟಕ್ಕೆ ಹಲೋ ತಪ್ಪಿಲ್ಲ. ನೆರೆತನ ಫುಲ್. ಸುದ್ದಿ ಲಕ್ಷ್ಮೇಶ್ವರದಿಂದ ಸುತ್ತಿಕೊಂಡು ಮುಟ್ಟಿದೆ. ಆದರೂ ದಾರಿ ಹುಟ್ಟಿರಲಿಲ್ಲ, ಯಾಕೆಂದರೆ ಇವನು ಪಡಸಾಲೆ ಎಂದುಕೊಂಡಿದ್ದ, ಅವನ ಲೆಕ್ಕದಲ್ಲಿ ಅದು ಎರಡು ಮನೆ, ಒಂದು ಓಣಿ. ಆರು ದಿನ ಆ ಮನುಷ್ಯ "ಮತ್ತೇನು?" ಎಂದು ಬಾಗಿಲು ತೆರೆದಿಟ್ಟು ಕಾದಿದ್ದ. ಆರು ದಿನವೂ ತಾನೇ ಮುಚ್ಚಿ ಬಂದಿದ್ದ.

"ಯಾಕ್ರಿ?" ಎಂದಳು ಸುಶ್ಮಿತಾ ಹಿಂದಿನಿಂದ.

"ಪುಸ್ತಕದಾಗ ಖರೇನ ಬರದಾರ" ಎಂದ ವೀರು.

ಮೊದಲ ಕತ್ತರಿ ಕೊಟ್ರಪ್ಪನೇ ಹಾಕಿದ. ಊಟ ಎರಡು ತಾಸು ತಡವಾಯಿತು. ಬಳಗದವರು ಹಸಿದ ಹೊಟ್ಟೆಯಲ್ಲಿ ವೀರುವನ್ನು ಬೈದರು, ತುಂಬಿದ ಹೊಟ್ಟೆಯಲ್ಲಿ ಇನ್ನಷ್ಟು ಚೆನ್ನಾಗಿ ಬೈದರು.

ಗುರುವಾರ ಹುಬ್ಬಳ್ಳಿಯಲ್ಲಿ ಪರೀಕ್ಷೆಯ ಪರದೆಯ ಮೇಲೆ ಮೂವತ್ತೊಂದನೆಯ ಪ್ರಶ್ನೆಯಾಗಿ ಎರಡು ರೌಟರು ಬಂದು ನಿಂತವು. ಇಬ್ಬರ ನಡುವೆ ನೆರೆತನ ಫುಲ್ ಇದೆ, ಆದರೂ ಒಬ್ಬರ ದಾರಿ ಇನ್ನೊಬ್ಬರಲ್ಲಿ ಕಾಣುತ್ತಿಲ್ಲ, ಕಾರಣವೇನು? ವೀರು ಜೋರಾಗಿ ನಕ್ಕುಬಿಟ್ಟ. ಮೇಲ್ವಿಚಾರಕಿ ಗಾಜಿನಾಚೆಯಿಂದ ಬೆರಳು ತೋರಿಸಿ ಗದರಿಸಿದಳು. ನೆಟ್‌ವರ್ಕ್ ಟೈಪ್ ಎರಡು ಕಡೆ ಬೇರೆಬೇರೆ ಇದೆ ಎಂಬ ಉತ್ತರಕ್ಕೆ ಗುರುತು ಹಾಕಿ ಮುಂದೆ ಹೋದ. ಮುಂದಿನ ಪ್ರಶ್ನೆಗಳಲ್ಲಿ ಎಷ್ಟೋ ತಪ್ಪಿದವು. ಆದರೂ ಕೊನೆಗೆ ಪರದೆ 'ಪಾಸ್' ಎಂದಿತು. ಅದನ್ನು ಎರಡು ಸಲ ಓದಿದ, ಆಮೇಲೆ ಮೇಲಿನ ಹೆಸರು ತನ್ನದೇ ಹೌದೋ ಎಂದು ನೋಡಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡ. ಇನ್ನು ಕಂಬವಿಲ್ಲ ಎಂದು ಕಾಲಿಗೆ ಹೇಳಿದ, ಬಾಯಿಬಿಟ್ಟೇ ಹೇಳಿದ.

ಕೌಸರಳಿಗೆ ಫೋನ್ ಮಾಡಿದ. ಅವಳು, "ಕೆಂಪು ಪೆನ್ನಿನ್ಯಾಗ ಬರದದ್ದು ಹೊಡದು ಹಾಕ್ರಿ ಮೊದಲ" ಎಂದಳು. ಸುಶ್ಮಿತಾಳಿಗೆ ಮಾಡಿದ. ಅವಳು ಹೇಳಿದಳು: "ಅಣ್ಣಗ ಫೋನಿನ್ಯಾಗ ಹೇಳಬ್ಯಾಡ್ರಿ."

ಶುಕ್ರವಾರ ಎಂಟಕ್ಕೆ ಫೋನು ಬಂತು, ಶನಿವಾರ ಎಂಟಕ್ಕೆ ಇವನು ಮಾಡಿದ. ನೀರು, ಶೇಂಗಾ, ಮೋಡ. ಪರೀಕ್ಷೆಯ ಮಾತನ್ನು ಇವನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಭಾನುವಾರ ಗಂಡ ಹೆಂಡತಿ ಬೋಳುತಲೆಯ ಮಗನನ್ನು ಕರೆದುಕೊಂಡು, ಪೇಢೆಯ ಪೊಟ್ಟಣ ಹಿಡಿದು ಮುಂಡರಗಿಯ ಬಸ್ಸಿನಿಂದ ಇಳಿದರು. ಕೊಟ್ರಪ್ಪ ಪಡಸಾಲೆಯಲ್ಲೇ ಇದ್ದ.

"ಬರ್ರಿ ವೀರಭದ್ರಪ್ಪಾರ. ಏನು, ಇದ್ದಕ್ಕಿದ್ದಂಗ ಬಂದ್ರಿ?"

"ಒಂದು ಖಬರ ಹೇಳಾಕ ಬಂದೇನ್ರಿ ಭಾವಾರ. ಪರೀಕ್ಷಾ ಪಾಸಾದೆ."

"ಹೌದೇನ್ರಿ!" ಕೊಟ್ರಪ್ಪ ಎದ್ದು ನಿಂತು ಇವನ ಎರಡೂ ಕೈ ಹಿಡಿದುಕೊಂಡ. "ಯಾವಾಗ ಆತು? ನಮಗ ಗೊತ್ತ ಇಲ್ಲ ನೋಡ್ರಿ. ಏ ಇಕಿನ, ಕೇಳಿದೇನು? ವೀರಭದ್ರಪ್ಪಾರು ಪಾಸಾದ್ರಂತ!"

"ಹೌದಾ?" ಎನ್ನುತ್ತ ಸಾವಿತ್ರೆವ್ವ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ನಾಲ್ಕು ತಟ್ಟೆಗಳಿದ್ದವು, ಪ್ರತಿ ತಟ್ಟೆಯಲ್ಲಿ ಬಿಸಿ ಹೋಳಿಗೆ, ಮೇಲೆ ತುಪ್ಪ. ವೀರು ಗೋಡೆಗೆ ಒರಗಿ, ಬಲಗಾಲು ಉದ್ದಕ್ಕೆ ಚಾಚಿ ಕುಳಿತು ತಿನ್ನತೊಡಗಿದ. ಬೇಳೆ ಯಾವಾಗ ಬೇಯಿಸಲು ಇಟ್ಟಿರಿ ಎಂದು ಅವನು ಕೇಳಲಿಲ್ಲ.